ಲೈಟು ಕಂಡಿತು, ಆಳು ಕಾಣಲಿಲ್ಲ

ಹೋದ ಸಂಚಿಕೆಯಲ್ಲಿ ಹೆಡ್‌ಲೈಟ್ ಬಗ್ಗೆ ಬರೆಯುವಾಗ ಪೊಲೀಸ್ ಗಾಡಿಯ ಮೇಲಿನ ದೀಪಗಳ ವಿಷಯ ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. ಆ ಒಂದು ಸಾಲಿಗೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ. ಮಲೆನಾಡಿನ ಕಡೆಯ ಒಂದು ಜಿಲ್ಲೆಯಲ್ಲಿ, ಪೊಲೀಸ್ ವಾಹನಗಳ ವರ್ಕ್‌ಶಾಪಿನಲ್ಲಿ 29 ವರ್ಷ ಆಟೋ ಎಲೆಕ್ಟ್ರಿಷಿಯನ್ ಆಗಿದ್ದೆ. ಮೋಟಾರ್ ಮೇಲೆ ತಿರುಗುವ ಹ್ಯಾಲೋಜನ್ ದೀಪದಿಂದ ಹಿಡಿದು ಈಗಿನ ಎಲ್‌ಇಡಿ ಬಾರ್‌ವರೆಗೆ (ಬಾರ್ ಅಂದರೆ ಗಾಡಿಯ ತಲೆ ಮೇಲೆ ಅಡ್ಡ ಕೂರಿಸುವ ದೀಪಗಳ ಪಟ್ಟಿ) ಎಲ್ಲವನ್ನೂ ಈ ಕೈಯಲ್ಲಿ ಹತ್ತಿಸಿದ್ದೇನೆ, ಇಳಿಸಿದ್ದೇನೆ, ಬಿಚ್ಚಿ ನೀರು ಚೆಲ್ಲಿದ್ದೇನೆ. ಈ ಸಲದ ಪುಟ ಪೂರ್ತಿ ನಿಮ್ಮ ಆ ಪತ್ರಗಳಿಗೇ.

ನಮ್ಮ ಠಾಣೆಗೂ ಅಕ್ಕಪಕ್ಕದ ಮೂರು ಠಾಣೆಗಳಿಗೂ ಹೊಸ ಗಾಡಿ ಬರುತ್ತಿವೆ. ಲೈಟ್ ಬಾರ್ ಹೇಗಿರಬೇಕು ಅಂತ ಬರೆದುಕೊಡಿ ಎಂದು ನಮ್ಮನ್ನೇ ಕೇಳಿದ್ದಾರೆ. ಇಲ್ಲಿ ಘಾಟಿ ಇದೆ, ಮಂಜು ಇದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಬರುವ ಅಂಗಡಿಯವರೆಲ್ಲ ನಮ್ಮದೇ ಜಾಸ್ತಿ ಬೆಳಕು ಅನ್ನುತ್ತಾರೆ. ಏನು ನೋಡಿ ಆರಿಸಬೇಕು?
— ಪಿಎಸ್‌ಐ, ಚಿಕ್ಕಮಗಳೂರು ಜಿಲ್ಲೆ

ಸರ್, ಬೆಳಕು ಎಷ್ಟು ಅನ್ನುವುದನ್ನು ಕೊನೆಗೆ ಕೇಳಿ. ಮೊದಲು ಕೇಳಬೇಕಾದದ್ದು ಬೇರೆ: ನಿಮ್ಮ ಗಾಡಿ ಆ ದೀಪವನ್ನು ಯಾವಾಗ ಹಾಕುತ್ತದೆ?

ಎರಡೇ ಸಂದರ್ಭ ಸರ್. ಒಂದು, ಗಾಡಿ ಓಡುತ್ತಿರುತ್ತದೆ, ಮುಂದಿನವರಿಂದ ದಾರಿ ಕೇಳಬೇಕು. ಇನ್ನೊಂದು, ಗಾಡಿ ನಿಂತಿರುತ್ತದೆ, ಬರುವವರನ್ನು ತಡೆಯಬೇಕು ಇಲ್ಲವೇ ಪಕ್ಕಕ್ಕೆ ಕಳಿಸಬೇಕು. ಈ ಎರಡು ಕೆಲಸಕ್ಕೆ ಬೇಕಾದ ಬೆಳಕು ಒಂದೇ ಅಲ್ಲ. ಓಡುವಾಗ ಎಲ್ಲ ದೀಪವೂ ಬೇಕು, ಮುಂದೆ ಬಿಳಿ ಬೇಕು, ಮಿಂಚು ಬೇಗ ಬೇಗ ಬೇಕು. ನಿಂತಾಗ ಮುಂದಿನ ಬಿಳಿ ಆರಬೇಕು, ಮಿಂಚು ನಿಧಾನವಾಗಬೇಕು, ರಾತ್ರಿಯಾದರೆ ಬೆಳಕು ಇಳಿಯಬೇಕು. ಅಮೆರಿಕದ ಅಗ್ನಿಶಾಮಕ ಗಾಡಿಗಳ ನಿಯಮದಲ್ಲಿ ಇದನ್ನು ಬಿಡಿಸಿಯೇ ಬರೆದಿದ್ದಾರೆ: ದಾರಿ ಕೇಳುವಾಗ ಒಂದು ಬಗೆ, ದಾರಿಗೆ ಅಡ್ಡ ನಿಂತಾಗ ಇನ್ನೊಂದು ಬಗೆ, ಅಡ್ಡ ನಿಂತಾಗ ಬಿಳಿ ದೀಪ ಮಿಂಚಬಾರದು. ನೀವು ಬರೆದುಕೊಡುವ ಹಾಳೆಯಲ್ಲಿ ಮೊದಲ ಸಾಲು ಇದೇ ಆಗಲಿ. ಎರಡು ಬಗೆ, ಒಂದೇ ಸ್ವಿಚ್. ಕತ್ತಲಲ್ಲಿ, ಕಣ್ಣು ರಸ್ತೆ ಬಿಡದೆ, ಕೈಗೆ ಸಿಗುವ ದಪ್ಪ ಸ್ವಿಚ್. ಇಪ್ಪತ್ತು ತರಹ ಮಿಂಚುತ್ತೆ ಅಂತ ತೋರಿಸುವ ಪುಟ್ಟ ಗುಂಡಿಗಳ ಡಬ್ಬಿ ಬೇಡ. ಆ ಇಪ್ಪತ್ತರಲ್ಲಿ ಹದಿನೆಂಟನ್ನು ಯಾರೂ ಯಾವತ್ತೂ ಒತ್ತುವುದಿಲ್ಲ. ಒತ್ತಿದವರು ತಪ್ಪಾದ್ದನ್ನು ಒತ್ತುತ್ತಾರೆ.

ಇನ್ನು ಮಳೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಯಾಕಂದ್ರೆ ಮಲೆನಾಡಿನಲ್ಲಿ ದೀಪ ಸಾಯುವುದು ಹಳತಾಗಿ ಅಲ್ಲ, ನೀರು ಕುಡಿದು.

ಒಂದು ವರ್ಷ ನಮಗೆ ಆರು ಹೊಸ ಬಾರ್ ಬಂದವು. ಏಪ್ರಿಲ್‌ನಲ್ಲಿ ಕೂರಿಸಿದೆವು. ಜುಲೈ ಎರಡನೇ ವಾರದ ಹೊತ್ತಿಗೆ ಮೂರು ವಾಪಸ್ ಬಂದವು. ಒಂದರ ಮುಚ್ಚಳದೊಳಗೆ ಎರಡು ಬೆರಳು ನೀರು ನಿಂತಿತ್ತು. ಮುಚ್ಚಳ ಒಡೆದಿರಲಿಲ್ಲ, ರಬ್ಬರ್ ಕಿತ್ತಿರಲಿಲ್ಲ. ಹಾಗಾದರೆ ನೀರು ಹೇಗೆ ಹೋಯಿತು? ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ದೀಪ ಉರಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಸಂದಿಯಿಂದ ಹೊರಗೆ ಹೋಗುತ್ತದೆ. ಆಗ ತಣ್ಣನೆ ಮಳೆ ಬಿತ್ತು ಅನ್ನಿ, ಒಳಗಿನ ಗಾಳಿ ತಟ್ಟನೆ ಕುಗ್ಗುತ್ತದೆ. ಹೊರಗಿನಿಂದ ಎಳೆದುಕೊಳ್ಳುತ್ತದೆ. ರಬ್ಬರ್ ಮೇಲೆ ನೀರು ನಿಂತಿದ್ದರೆ ಗಾಳಿಯ ಬದಲು ನೀರನ್ನೇ ಎಳೆದುಕೊಳ್ಳುತ್ತದೆ. ಒಂದೊಂದು ಸಲಕ್ಕೆ ಒಂದೊಂದು ಹನಿ. ಮಳೆಗಾಲ ಮುಗಿಯುವುದರೊಳಗೆ ಲೋಟ ತುಂಬುತ್ತದೆ.

ಹಾಗಾಗಿ ಒಳ್ಳೆ ಬಾರ್‌ನಲ್ಲಿ ಗಾಳಿ ಆಡಲು ಒಂದು ಪುಟ್ಟ ಕಿಂಡಿ ಇರುತ್ತದೆ. ಅದಕ್ಕೆ ಗಾಳಿ ಬಿಡುವ, ನೀರು ಬಿಡದ ತೆಳು ಪರದೆ ಅಂಟಿಸಿರುತ್ತಾರೆ. ಅದಿದೆಯಾ ಅಂತ ಕೇಳಿ. ಐಪಿ67 ಅಂತ ಬರೆದಿದ್ದರೆ ಅರ್ಥ ಇಷ್ಟು: ಮೊದಲ ಅಂಕಿ ಧೂಳಿಗೆ, 6 ಅಂದರೆ ಧೂಳು ಒಳಗೆ ಹೋಗುವುದೇ ಇಲ್ಲ. ಎರಡನೇ ಅಂಕಿ ನೀರಿಗೆ, 7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಕೆಡುವುದಿಲ್ಲ. ನಿಮಗೆ ಅಷ್ಟು ಬೇಕು. ಆದರೆ ಒಂದು ಮಾತು. ಕಂಪನಿಯ ಪರೀಕ್ಷೆಯಲ್ಲಿ ಪಾಸಾದ ಡಬ್ಬಿಗೆ ನಾವೇ ತೂತು ಕೊರೆದು ವೈರ್ ಎಳೆದರೆ ಆ ಅಂಕಿ ಅಲ್ಲಿಗೆ ಮುಗಿಯಿತು. ವೈರ್ ಒಳಗೆ ಹೋಗುವ ಜಾಗ ಕೆಳಗಡೆ ಇರಲಿ. ವೈರ್ ನೇರ ಒಳಗೆ ಹೋಗಬಾರದು, ಒಂದು ಸಲ ಕೆಳಗೆ ಜೋತುಬಿದ್ದು ಮತ್ತೆ ಮೇಲಕ್ಕೆ ಹತ್ತಿ ಒಳಗೆ ಹೋಗಬೇಕು. ಹರಿದು ಬಂದ ನೀರು ಆ ಜೋಲಿನಲ್ಲೇ ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ಮನೆಗೆ ಕರೆಂಟ್ ವೈರ್ ಎಳೆಯುವವರು ಇವತ್ತಿಗೂ ಹೀಗೇ ಮಾಡುತ್ತಾರೆ, ನೋಡಿ. ಗಾಡಿಯ ತಲೆ ಮೇಲೆ ತೂತು ಕೊರೆಯಲು ಬಿಡಲೇಬೇಡಿ. ತಲೆಯ ಅಂಚಿನಲ್ಲಿ ಮಳೆನೀರು ಹರಿಯುವ ಗಟರ್ ಇರುವ ಗಾಡಿಯಾದರೆ ಗಟರಿಗೆ ಕ್ಲಾಂಪ್, ಇಲ್ಲದಿದ್ದರೆ ಬಾಗಿಲ ಚೌಕಟ್ಟಿಗೆ ಬ್ರಾಕೆಟ್. ತೂತಿನ ಸುತ್ತ ತುಕ್ಕು ಹಿಡಿದು ಚಾಲಕನ ತಲೆ ಮೇಲೆ ಸೋರುವುದನ್ನು ಎಷ್ಟೋ ಗಾಡಿಯಲ್ಲಿ ನೋಡಿದ್ದೇನೆ.

ಮಂಜಿಗೆ ಹಳದಿ ಬಣ್ಣ ಒಳ್ಳೆಯದು, ನೀಲಿ ಚದುರಿಹೋಗುತ್ತೆ ಅನ್ನುವ ಮಾತು ನಿಮ್ಮ ಕಿವಿಗೆ ಬಿದ್ದಿರಬಹುದು. ಮಂಜಿನ ಹನಿ ಬೆಳಕಿನ ಅಲೆಗಿಂತ ತುಂಬ ದಪ್ಪ. ಅದು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮ ಚದುರಿಸುತ್ತದೆ. ಮಂಜಿನಲ್ಲಿ ಕೆಡಿಸುವುದು ಬಣ್ಣ ಅಲ್ಲ, ಮುಂದಕ್ಕೆ ಹೋಗುವ ಬಿಳಿ ಮಿಂಚು. ಎದುರಿಗೆ ಬಿಳಿ ಗೋಡೆ ಎದ್ದ ಹಾಗಾಗಿ ನಿಮ್ಮ ಚಾಲಕನಿಗೇ ರಸ್ತೆ ಕಾಣುವುದಿಲ್ಲ. ಬಿಳಿಯನ್ನು ಬೇರೆಯಾಗಿ ಆರಿಸಲು ಬರುವಂತಿರಲಿ, ಸಾಕು. ಘಾಟಿಯ ತಿರುವಿನಲ್ಲಿ ಒಂದು ಅನುಕೂಲವೂ ಇದೆ. ಗಾಡಿ ಕಾಣುವ ಮುಂಚೆಯೇ ಎದುರಿನ ಗುಡ್ಡದ ಮೇಲೆ ಮಿಂಚು ಬೀಳುತ್ತದೆ. ಬಸ್ಸಿನವರು ಅದನ್ನು ನೋಡಿಯೇ ನಿಧಾನ ಮಾಡುತ್ತಾರೆ.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಅಗ್ಗದ ಎಲ್‌ಇಡಿ ಬಾರ್ ಹಾಕಿದರೆ ವೈರ್‌ಲೆಸ್ ಸೆಟ್ಟಿನಲ್ಲಿ ಸುಯ್ ಅಂತ ಸದ್ದು ಬರುತ್ತದೆ. ಎಲ್‌ಇಡಿಗೆ ಕರೆಂಟ್ ಕೊಡುವ ಸರ್ಕ್ಯೂಟ್ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುತ್ತಿರುತ್ತದೆ, ಅದರ ಗಲಾಟೆ ಆಂಟೆನಾಗೆ ಹತ್ತುತ್ತದೆ. ಠಾಣೆಯ ಅಂಗಳದಲ್ಲಿ ಸಿಗ್ನಲ್ ಗಟ್ಟಿ ಇರುವುದರಿಂದ ಗೊತ್ತಾಗುವುದಿಲ್ಲ. ಘಾಟಿಯ ಮೂಲೆಯಲ್ಲಿ, ಸಿಗ್ನಲ್ ಸಣ್ಣಗಿರುವ ಕಡೆ, ಕಂಟ್ರೋಲ್ ರೂಮಿನ ಮಾತೇ ಕೇಳಿಸುವುದಿಲ್ಲ. ಆಗಲೇ ಅಲ್ವಾ ದೀಪವೂ ಬೇಕು, ಮಾತೂ ಬೇಕು? ತೆಗೆದುಕೊಳ್ಳುವ ಮುಂಚೆ ಒಂದು ಬಾರ್ ಕೂರಿಸಿಕೊಂಡು ನಿಮ್ಮ ಸರಹದ್ದಿನ ಅತಿ ಕೆಟ್ಟ ಜಾಗಕ್ಕೆ ಹೋಗಿ. ದೀಪ ಹಾಕಿ, ಆರಿಸಿ, ಸೆಟ್ಟನ್ನು ಕೇಳಿ. ಹತ್ತು ನಿಮಿಷದ ಕೆಲಸ.

ಹಿಂದಿನ ಬಾಗಿಲನ್ನೂ ನೋಡಿ. ಕೆಲವು ಗಾಡಿಯ ಹಿಂಬಾಗಿಲು ಮೇಲಕ್ಕೆ ಎದ್ದುಕೊಳ್ಳುತ್ತದೆ. ಅಪಘಾತದ ಜಾಗದಲ್ಲಿ ಕೋನ್, ಸ್ಟ್ರೆಚರ್ ತೆಗೆಯಲು ಬಾಗಿಲು ಎತ್ತಿದಿರಿ ಅನ್ನಿ, ಅದು ಮೇಲಿನ ಬಾರ್‌ಗೆ ಅಡ್ಡ ಬರುತ್ತದೆ. ಹಿಂದಿನ ಗಾಜಿಗೆ ಅಂಟಿಸಿದ ದೀಪ ಆಕಾಶ ನೋಡುತ್ತದೆ. ಹಿಂದಿನಿಂದ ಬರುವವನಿಗೆ ಏನೂ ಇಲ್ಲ. ಬಾಗಿಲು ತೆರೆದಾಗಲೂ ಹಿಂದಕ್ಕೆ ಕಾಣುವಂತೆ ಬಂಪರ್ ಮಟ್ಟದಲ್ಲಿ ಎರಡು ಪುಟ್ಟ ದೀಪ ಕೇಳಿ ಪಡೆಯಿರಿ. ಮುಂದೆಯೂ ಗ್ರಿಲ್ ಹತ್ತಿರ ಎರಡು ಇದ್ದರೆ ಒಳ್ಳೆಯದು. ತೀರ ಹತ್ತಿರ ಹೋದಾಗ ಮುಂದಿನ ಕಾರಿನವನ ಕನ್ನಡಿಯಲ್ಲಿ ಮೇಲಿನ ಬಾರ್ ಕಾಣುವುದೇ ಇಲ್ಲ, ಕಾಣುವುದು ಗ್ರಿಲ್ಲು.

ಕಾಗದದ ವಿಷಯಕ್ಕೆ ಬಂದರೆ, ದೀಪಕ್ಕೆ ಎರಡು ಹೆಸರಾದ ಅಳತೆಗೋಲುಗಳಿವೆ. ಯುರೋಪಿನದು ಇಸಿಇ ಆರ್65. ಅಮೆರಿಕದ್ದು ಎಸ್‌ಎಇ ಜೆ845, ಒಂದೇ ದಿಕ್ಕಿಗೆ ಬೆಳಕು ಬೀರುವ ದೀಪಕ್ಕೆ ಜೆ595. ಬರೀ ‘ಪಾಲಿಸುತ್ತದೆ’ ಅನ್ನುವ ಮಾತು ಬೇಡ. ಪರೀಕ್ಷೆಯ ವರದಿ ತರಿಸಿ. ವರದಿಯಲ್ಲಿರುವ ಮಾಡೆಲ್ ನಂಬರ್ ನಿಮಗೆ ಕೊಡುವ ಡಬ್ಬಿಯ ಮೇಲೆ ಇದೆಯಾ ನೋಡಿ. ಟೆಂಡರ್ ಕಡಿಮೆ ದರದವರಿಗೇ ಹೋಗುತ್ತದೆ, ಅದು ನಿಮಗೂ ಗೊತ್ತು. ಹಾಗಾಗಿ ಬೇಕಾದ್ದನ್ನೆಲ್ಲ ಮೊದಲೇ ಬರೆದಿರಬೇಕು. ಹಾಳಾದ ಒಂದು ತುಂಡನ್ನು ಮಾತ್ರ ಬದಲಿಸಲು ಬರಬೇಕು ಅನ್ನುವುದನ್ನೂ ಸೇರಿಸಿ. ಇಲ್ಲದಿದ್ದರೆ ಒಂದು ನೀಲಿ ಹೋದರೆ ಇಡೀ ಬಾರ್ ಗುಜರಿಗೆ.

ಕೊನೆಗೆ ಬೆಳಕು. ಮಧ್ಯಾಹ್ನ 12ಕ್ಕೆ, ಬಿಸಿಲಿನಲ್ಲಿ, ಗಾಡಿಯಿಂದ ಸುಮಾರು 150 ಮೀಟರ್ ದೂರ ನಿಂತು ನೋಡಿ. ಅಲ್ಲಿಂದ ಸಲೀಸಾಗಿ ಕಾಣಬೇಕು. ಅದೇ ದೀಪವನ್ನು ರಾತ್ರಿ 10ಕ್ಕೆ, ಬೀದಿದೀಪ ಇಲ್ಲದ ಕಡೆ, 30 ಮೀಟರ್‌ನಿಂದ ನೋಡಿ. ಗಾಡಿಯ ಪಕ್ಕ ಒಬ್ಬರನ್ನು ನಿಲ್ಲಿಸಿರಿ. ಅವರು ಕಂಡರಾ? ಕಾಣದಿದ್ದರೆ ಆ ದೀಪವನ್ನು ತಗೊಳ್ಳಬೇಡಿ. ಯಾಕೆ ಅನ್ನುವುದನ್ನು ಕೆಳಗೆ ಲಾರಿ ಚಾಲಕರ ಪತ್ರಕ್ಕೆ ಬರೆದಿದ್ದೇನೆ.

ನೈಟ್ ಡ್ಯೂಟಿಯಲ್ಲಿ ನಾಕಾಬಂದಿಗೆ ಗಾಡಿ ನಿಲ್ಲಿಸಿ ಲೈಟ್ ಹಾಕಿದರೆ ಬೆಳಗಿನ ಜಾವ ಸ್ಟಾರ್ಟ್ ಆಗುವುದಿಲ್ಲ. ಎರಡು ಸಲ ತಳ್ಳಿಸಿದ್ದೇನೆ. ಹಳೆ ಹ್ಯಾಲೋಜನ್ ಬಾರ್ ಇದೆ. ಮೊದಲಿನಷ್ಟು ಬೆಳಕೂ ಇಲ್ಲ. ಬ್ಯಾಟರಿ ಬದಲಿಸಿದರೆ ಸಾಕಾ?
— ಜೀಪ್ ಚಾಲಕ, ಕಲಬುರಗಿ

ತಮ್ಮಾ, ಲೆಕ್ಕ ಹಾಕೋಣ. ಹಳೆ ಬಾರ್‌ನಲ್ಲಿ 55 ವ್ಯಾಟಿನ ನಾಲ್ಕು ಬಲ್ಬು ಇರುತ್ತವೆ. ಒಟ್ಟು 220 ವ್ಯಾಟ್. 12 ವೋಲ್ಟಿನಲ್ಲಿ 18 ಆಂಪಿಯರ್ ಆಯಿತು, ತಿರುಗಿಸುವ ಮೋಟಾರು ಬೇರೆ. ನಿನ್ನ ಬ್ಯಾಟರಿ 70 ಆಂಪಿಯರ್ ಅವರ್ ಅನ್ನು, ಅಂದರೆ 1 ಆಂಪಿಯರ್ ಎಳೆದರೆ 70 ಗಂಟೆ ಬರುವಷ್ಟು. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಸ್ಟಾರ್ಟ್ ಆಗುವುದು ಕಷ್ಟ, ಬ್ಯಾಟರಿಯ ಆಯಸ್ಸೂ ಕಡಿಮೆ. ಅಂದರೆ ಕೈಗೆ ಸಿಗುವುದು 35. ಇಂಜಿನ್ ಆರಿಸಿ ನಿಂತರೆ ಎರಡು ಗಂಟೆ ಕೂಡ ಬರುವುದಿಲ್ಲ. ಇಂಜಿನ್ ಆನ್ ಇಟ್ಟರೂ ಐಡಲಿಂಗ್‌ನಲ್ಲಿ ಡೈನಮೋ ಪೂರ್ತಿ ಕರೆಂಟ್ ಕೊಡುವುದಿಲ್ಲ. ಹೆಡ್‌ಲೈಟು, ವೈರ್‌ಲೆಸ್ಸು, ಫ್ಯಾನು ಎಲ್ಲ ಅದನ್ನೇ ತಿನ್ನಬೇಕು. ಹೊಸ ಬ್ಯಾಟರಿ ಹಾಕಿದರೆ ಒಂದೆರಡು ತಿಂಗಳು ಸಮಾಧಾನ, ಆಮೇಲೆ ಮತ್ತೆ ತಳ್ಳುವುದೇ.

ಎಲ್‌ಇಡಿ ಬಾರ್ ಆದರೆ 5 ಆಂಪಿಯರ್ ಆಸುಪಾಸು. ರಾತ್ರಿ ಬೆಳಕು ಇಳಿಸಿದರೆ 2ಕ್ಕೆ ಬರುತ್ತದೆ. ಅದೇ 35ರಲ್ಲಿ ರಾತ್ರಿಯೆಲ್ಲ ಕಳೆಯಬಹುದು. ಅಲ್ಲಿಯವರೆಗೆ ನಾಲ್ಕರಲ್ಲಿ ಎರಡು ಬಲ್ಬನ್ನಾದರೂ ಬೇರೆ ಸ್ವಿಚ್ಚಿಗೆ ಹಾಕಿಸಿಕೋ. ನಿಂತಾಗ ಎರಡೇ ಸಾಕು. ಹೊಸ ಬಾರ್ ಬಂದಾಗ ಬ್ಯಾಟರಿ ಇಳಿಯುತ್ತಿದ್ದಂತೆ ತಾನೇ ಆರುವ ಕಟ್‌ಆಫ್ ಇರಲಿ ಅಂತ ಹೇಳು.

ಬೆಳಕು ಕಡಿಮೆ ಆಗಿರುವುದು ಬಲ್ಬಿನ ತಪ್ಪಲ್ಲ ಅಂತ ನನಗೆ ಅನಿಸುತ್ತದೆ. ವೈರ್ ನೋಡು. ತೆಳು ವೈರಿನಲ್ಲಿ 18 ಆಂಪಿಯರ್ ಹೋದರೆ ದಾರಿಯಲ್ಲೇ ಒಂದೂವರೆ ವೋಲ್ಟ್ ಕಳೆದುಹೋಗುತ್ತದೆ. ಒಂದೂವರೆ ತಾನೆ ಅನ್ನಬೇಡ. ಹ್ಯಾಲೋಜನ್ ಬಲ್ಬಿಗೆ ವೋಲ್ಟೇಜ್ ಎಂಟರಲ್ಲಿ ಒಂದು ಪಾಲು ಇಳಿದರೆ ಬೆಳಕು ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. 4 ಚದರ ಮಿಲಿಮೀಟರ್ ವೈರ್ ಎಳೆಸು. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, ಡ್ಯಾಶ್‌ಬೋರ್ಡಿನ ಕೆಳಗಲ್ಲ. ಸ್ವಿಚ್ಚಿನ ಮೂಲಕ ಕರೆಂಟ್ ಹಾಯಿಸಬೇಡ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಡಬ್ಬಿ) ಹಾಕಿಸು. ಅರ್ತ್ ಬಿಗಿದ ಬೋಲ್ಟು ಬಿಚ್ಚಿ, ಬಣ್ಣ ತುಕ್ಕು ಕೆರೆದು, ಹೊಳೆಯುವ ಲೋಹಕ್ಕೆ ಮತ್ತೆ ಬಿಗಿ. ‘ಲೈಟ್ ಡಿಮ್’ ಅಂತ ನನ್ನ ಹತ್ತಿರ ಬಂದ ಗಾಡಿಗಳಲ್ಲಿ ಜಾಸ್ತಿ ಗಾಡಿಗಳು ಆ ಒಂದು ಬೋಲ್ಟಿನಿಂದಲೇ ಸರಿಹೋಗಿವೆ.

ನಿಮ್ಮ ಊರಿನ ಬಿಸಿಲಿಗೆ ಇನ್ನೊಂದು ಮಾತು. ಎಲ್‌ಇಡಿಗೆ ಬಿಸಿ ಆಗಿಬರುವುದಿಲ್ಲ. ಅದರಲ್ಲೂ ಕೆಂಪು ಎಲ್‌ಇಡಿ ಬಿಸಿಯಾದಷ್ಟೂ ಮಂಕಾಗುತ್ತದೆ, ನೀಲಿ ಅಷ್ಟು ಆಗುವುದಿಲ್ಲ. ಮೇ ತಿಂಗಳಲ್ಲಿ ಒಂದು ಗಂಟೆ ಬಿಸಿಲಲ್ಲಿ ಉರಿದ ಬಾರ್‌ನಲ್ಲಿ ಕೆಂಪು ಸೊರಗಿ ಕಂಡರೆ ಅದಕ್ಕೇ. ಬೆನ್ನಿಗೆ ದಪ್ಪ ಅಲ್ಯೂಮಿನಿಯಂ ಇರುವ ಬಾರ್ ಆಯ್ದುಕೊಳ್ಳಿ. ತೂಕ ನೋಡಿದರೇ ಗೊತ್ತಾಗುತ್ತದೆ.

ಕೆಂಪು ಬಣ್ಣ ಎಲ್ಲಕ್ಕಿಂತ ದೂರಕ್ಕೆ ಕಾಣುತ್ತದೆ ಅಂತ ಪಾಠದಲ್ಲಿ ಓದಿದ್ದೇವೆ. ಹಾಗಿದ್ದರೆ ಪೊಲೀಸ್ ಗಾಡಿಗೆ ನೀಲಿ ಯಾಕೆ? ಬರೀ ಕೆಂಪು ಸಾಲದಾ?
— ಬಿ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ಒಳ್ಳೆ ಪ್ರಶ್ನೆ ಮಗಳೇ. ಇದನ್ನು ನಿಮ್ಮ ಮನೆಯ ಹಿತ್ತಲಲ್ಲೇ ನೋಡಬಹುದು. ಸಂಜೆ ಬೆಳಕಿದ್ದಾಗ ಕೆಂಪು ದಾಸವಾಳದ ಗಿಡದ ಮುಂದೆ ನಿಂತುಕೋ. ಹೂವು ಎದ್ದು ಕಾಣುತ್ತದೆ, ಎಲೆ ಹಿಂದೆ ಸರಿದಿರುತ್ತದೆ. ಅಲ್ಲೇ ಅರ್ಧ ಗಂಟೆ ಕಾದರೆ ಕತ್ತಲಾಗುತ್ತಾ ಹೂವು ಕಪ್ಪಗಾಗುತ್ತದೆ. ಎಲೆ ಇನ್ನೂ ತೆಳ್ಳಗೆ ಕಾಣುತ್ತಿರುತ್ತದೆ. ಪಕ್ಕದಲ್ಲಿ ಶಂಖಪುಷ್ಪ ಇದ್ದರೆ ಅದಂತೂ ಬೆಳಗಿದ ಹಾಗೆ ಕಾಣುತ್ತದೆ. ಪುರ್ಕಿನ್ಯೆ ಅನ್ನುವ ಚೆಕ್ ವಿಜ್ಞಾನಿ 19ನೇ ಶತಮಾನದ ಮೊದಲಲ್ಲಿ ಇದನ್ನು ಗಮನಿಸಿ ಬರೆದರು. ಹಗಲಿನಲ್ಲಿ ನಮ್ಮ ಕಣ್ಣು ಹಸಿರು ಹಳದಿಯ ಕಡೆ, ಸುಮಾರು 555 ನ್ಯಾನೋಮೀಟರ್ ಅಲೆಯುದ್ದದ ಹತ್ತಿರ ಚುರುಕು. ಕತ್ತಲಲ್ಲಿ ಬೇರೆ ಕೋಶಗಳು ಕೆಲಸಕ್ಕೆ ಬರುತ್ತವೆ, ಆಗ ಚುರುಕು 507ರ ಹತ್ತಿರಕ್ಕೆ, ಅಂದರೆ ನೀಲಿಯ ಕಡೆಗೆ ಜರುಗುತ್ತದೆ. ಕೆಂಪು ಆ ಕೋಶಗಳಿಗೆ ಕಾಣುವುದೇ ಇಲ್ಲ ಅನ್ನಬಹುದು.

ರಸ್ತೆಯ ಕಾರಣವೂ ಇದೆ. ರಾತ್ರಿ ಹೆದ್ದಾರಿಯಲ್ಲಿ ನೋಡು, ಪ್ರತಿ ಲಾರಿಯ ಹಿಂದೆಯೂ ಕೆಂಪು. ಬ್ರೇಕ್ ಹಾಕಿದರೆ ಕೆಂಪು, ಸಿಗ್ನಲ್ಲು ಕೆಂಪು, ಅಂಗಡಿಯ ಬೋರ್ಡು ಕೆಂಪು. ಆ ಕೆಂಪುಗಳ ನಡುವೆ ಪೊಲೀಸ್ ಕೆಂಪು ಕಳೆದುಹೋಗುತ್ತದೆ. ನೀಲಿ ರಸ್ತೆಯಲ್ಲಿ ಅಪರೂಪ. ಇನ್ನು ಗಂಡಸರಲ್ಲಿ ಕೆಂಪು ಹಸಿರು ಬೇರೆ ಬೇರೆ ಅಂತ ತಿಳಿಯದವರು ಇರುತ್ತಾರೆ. ಕೆಲವರಿಗೆ ಕೆಂಪು ಮಂಕಾಗಿಯೇ ಕಾಣುತ್ತದೆ. ಅವರಿಗೂ ನೀಲಿ ಕಾಣುತ್ತದೆ. 2008ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ಜನರನ್ನು ಕೂರಿಸಿ ಬೇರೆ ಬೇರೆ ಬಣ್ಣದ ದೀಪ ತೋರಿಸಿ ಪರೀಕ್ಷೆ ಮಾಡಿದರು. ಹಗಲು ರಾತ್ರಿ ಎರಡಕ್ಕೂ ನೀಲಿಯನ್ನು ಹೆಚ್ಚು ಬಳಸುವುದು ಒಳ್ಳೆಯದು, ಹಗಲಿಗೆ ಒಂದು ಪ್ರಮಾಣ ರಾತ್ರಿಗೆ ಇನ್ನೊಂದು ಪ್ರಮಾಣದ ಬೆಳಕು ಬೇಕು ಅಂತ ಅವರು ಹೇಳಿದರು.

ಆದರೂ ಕೆಂಪನ್ನು ಬಿಡುವ ಹಾಗಿಲ್ಲ. ಕೆಂಪು ಅಂದರೆ ನಿಲ್ಲು ಅಂತ ಎಲ್ಲರಿಗೂ ಗೊತ್ತು, ಕಣ್ಣಿಗೂ ಕಡಿಮೆ ಚುಚ್ಚುತ್ತದೆ. ನಮ್ಮ ದೇಶದ ನಿಯಮವೂ ಕೆಂಪು, ನೀಲಿ, ಬಿಳಿ ಮೂರೂ ಸೇರಿದ ದೀಪವನ್ನೇ ಹೇಳುತ್ತದೆ.

ಗೂಟದ ಕಾರು ಹೋಯಿತು ಅಂದರು. ಆದರೂ ಮೇಲೆ ದೀಪ ಇಟ್ಟುಕೊಂಡ ಗಾಡಿಗಳು ಕಾಣುತ್ತವೆ. ಯಾರಿಗೆ ಇದೆ, ಯಾರಿಗೆ ಇಲ್ಲ?
— ನಿವೃತ್ತ ಶಿಕ್ಷಕರು, ಮಂಡ್ಯ

ಮೇಷ್ಟ್ರೇ, ಕೆಂಪು ಗೂಟ ಯಾರಿಗಿರಬೇಕು ಅನ್ನುವುದಕ್ಕೆ ಸುಪ್ರೀಂ ಕೋರ್ಟ್ 2013ರ ಡಿಸೆಂಬರ್‌ನಲ್ಲಿ ಮಿತಿ ಹಾಕಿತು. 2017ರ ಮೇ 1ರಿಂದ ಮಂತ್ರಿಗಳು, ಅಧಿಕಾರಿಗಳು ಎಲ್ಲರ ಗೂಟವೂ ಹೋಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 108ನೇ ನಿಯಮವನ್ನು ಆಗ ತಿದ್ದಿದರು. ಕೆಂಪು, ನೀಲಿ, ಬಿಳಿ ದೀಪ ಈಗ ಕೆಲಸಕ್ಕೆ ಇರುವುದು, ಹುದ್ದೆಗೆ ಅಲ್ಲ. ಬೆಂಕಿ ಆರಿಸುವ ಗಾಡಿ, ಕಾನೂನು ಸುವ್ಯವಸ್ಥೆ ನೋಡುವ ಪೊಲೀಸ್ ಮತ್ತು ಸೇನಾಪಡೆಗಳ ಗಾಡಿ, ನೆರೆ ಭೂಕಂಪದಂಥ ವಿಪತ್ತಿನ ಕೆಲಸದ ಗಾಡಿ. ಅದೂ ಆ ಕೆಲಸದಲ್ಲಿ ಇದ್ದಾಗ ಮಾತ್ರ ಹಾಕಬೇಕು. ಆ ಗಾಡಿಯ ಮುಂದಿನ ಗಾಜಿಗೆ ಸಾರಿಗೆ ಇಲಾಖೆಯ ಸ್ಟಿಕ್ಕರ್ ಇರಬೇಕು. ಮುಂದಿನ ಸಲ ಅನುಮಾನ ಬಂದರೆ ಸ್ಟಿಕ್ಕರ್ ನೋಡಿ.

ಮಗ ಬೈಕಿಗೆ ಕೆಂಪು ನೀಲಿ ಮಿಂಚುವ ಪುಟ್ಟ ಲೈಟ್ ಹಾಕಿಸಿದ್ದಾನೆ. ಆನ್‌ಲೈನ್‌ನಲ್ಲಿ ಸಿಗುತ್ತೆ, ಎಲ್ಲರೂ ಹಾಕ್ತಾರೆ ಅಂತಾನೆ. ಪೊಲೀಸರು ಹಿಡಿಯುತ್ತಾರಾ?
— ಗೃಹಿಣಿ, ಬೆಂಗಳೂರು

ಹಿಡಿಯಬಹುದು ಅಮ್ಮ, ಹಿಡಿಯಲೂಬೇಕು. ಮುಂದಕ್ಕೆ ಕೆಂಪು ಬೆಳಕು ತೋರಿಸುವುದು ಸಾಮಾನ್ಯ ಗಾಡಿಗೆ ಮೊದಲಿನಿಂದಲೂ ನಿಷಿದ್ಧ. ಅಂಗಡಿಯಲ್ಲಿ ಸಿಕ್ಕಿದ ಮಾತ್ರಕ್ಕೆ ರಸ್ತೆಯಲ್ಲಿ ಹಾಕಬಹುದು ಅಂತ ಅರ್ಥವಲ್ಲ. ಮಗನಿಗೆ ಒಂದು ವಿಷಯ ಹೇಳಿ. ತುರ್ತು ಗಾಡಿಗೆ ದಾರಿ ಬಿಡದಿದ್ದರೆ 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಜನ ಆ ಭಯಕ್ಕೂ ಗೌರವಕ್ಕೂ ದಾರಿ ಬಿಡುತ್ತಾರೆ. ಕನ್ನಡಿಯಲ್ಲಿ ಕೆಂಪು ನೀಲಿ ಕಂಡು ಪಕ್ಕಕ್ಕೆ ಸರಿದವರು, ಹೋಗಿದ್ದು ಬೈಕ್ ಅಂತ ನೋಡಿದ ಮೇಲೆ ಮುಂದಿನ ಸಲ ಸರಿಯುತ್ತಾರಾ? ಆ ಮುಂದಿನ ಸಲ ಬರುವುದು ನಿಜವಾದ 112 ಗಾಡಿ ಆಗಿರಬಹುದು. ಲೈಟ್ ಬಿಚ್ಚಿಸಿ. ಬಿಚ್ಚುವಾಗ ಅಲ್ಲಿ ಕತ್ತರಿಸಿದ ವೈರಿಗೆ ಟೇಪ್ ಸುತ್ತಿಸುವುದನ್ನು ಮರೆಯಬೇಡಿ.

ಸಾರ್, ಇಪ್ಪತ್ತು ವರ್ಷದಿಂದ ಲಾರಿ ಓಡಿಸ್ತಿದ್ದೇನೆ. ಈಗೀಗ ರಾತ್ರಿ ಹೈವೇಲಿ ಪೊಲೀಸ್ ಗಾಡಿ ನಿಂತಿದ್ರೆ ಕಣ್ಣು ಕತ್ತಲೆ ಬರುತ್ತೆ. ಲೈಟ್ ಬಿಟ್ಟು ಬೇರೇನೂ ಕಾಣಲ್ಲ. ಹೇಳಿದ್ರೆ ಬೈತಾರೆ ಅಂತ ಸುಮ್ನೆ ಇದ್ದೀನಿ. ನನ್ನ ಕಣ್ಣಿನ ದೋಷವಾ?
— ಲಾರಿ ಚಾಲಕ, ಶಿರಾ

ಅಣ್ಣ, ನಿಮ್ಮ ಕಣ್ಣಿನ ದೋಷ ಅಲ್ಲ. ಒಮ್ಮೆ ಕಣ್ಣು ತೋರಿಸಿಕೊಳ್ಳಿ, ನಲವತ್ತು ದಾಟಿದ ಮೇಲೆ ಎಲ್ಲ ಚಾಲಕರೂ ತೋರಿಸಿಕೊಳ್ಳಬೇಕು. ಆದರೆ ನೀವು ಹೇಳುತ್ತಿರುವುದು ನಿಜ. ಅದನ್ನು ನಾನು ಕಲಿತದ್ದು ಹೇಗೆ ಅಂತ ಹೇಳುತ್ತೇನೆ.

ಹನ್ನೆರಡು ವರ್ಷದ ಹಿಂದಿನ ಮಾತು. ನಮ್ಮ ಹೆದ್ದಾರಿ ಗಸ್ತಿನ ಗಾಡಿಗೆ ಹೊಸ ಎಲ್‌ಇಡಿ ಬಾರ್ ಬಂತು. ಎರಡು ಮಾದರಿ ತಂದಿದ್ದರು, ಯಾವುದು ಒಳ್ಳೆಯದು ಅಂತ ನನ್ನನ್ನು ಕೇಳಿದರು. ಜಾಸ್ತಿ ಬೆಳಕಿನದನ್ನು ತೋರಿಸಿದೆ. ಅದರಲ್ಲಿ ಬೆಳಕು ಇಳಿಸುವ ಸ್ವಿಚ್ ಇರಲಿಲ್ಲ. ಇರಬೇಕು ಅಂತ ನನಗೆ ಹೊಳೆಯಲೂ ಇಲ್ಲ. ನಾನೇ ಕೂರಿಸಿದೆ. ಸಂಜೆ ವರ್ಕ್‌ಶಾಪಿನ ಅಂಗಳದಲ್ಲಿ ಹಾಕಿ ನೋಡಿದಾಗ ಕಾಂಪೌಂಡ್ ಗೋಡೆಯೆಲ್ಲ ನೀಲಿ ಕೆಂಪು ಆಯಿತು. ಎಲ್ಲರಿಗೂ ಖುಷಿ. ನನಗೂ.

ಎರಡು ತಿಂಗಳ ಮೇಲೆ ಒಂದು ರಾತ್ರಿ ಕೆಟ್ಟು ನಿಂತ ಟ್ರ್ಯಾಕ್ಟರ್ ಹಿಂದೆ ಆ ಗಾಡಿ ನಿಲ್ಲಿಸಿಕೊಂಡು ನಮ್ಮ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಗಾಡಿಗಳನ್ನು ಪಕ್ಕಕ್ಕೆ ಕಳಿಸುತ್ತಿದ್ದರು. ಬಾರ್ ಪೂರ್ತಿ ಉರಿಯುತ್ತಿತ್ತು. ಒಂದು ಸರಕು ಗಾಡಿ ಬಂತು. ನಿಧಾನವಾಗಿಯೇ ಬಂತು. ಅದರ ಚಾಲಕ ದೀಪ ನೋಡಿ ಬಲಕ್ಕೆ ಸರಿಸಿದ. ಸರಿಸಿದ ಕಡೆಗೇ ಅವರು ನಿಂತಿದ್ದರು. ತೊಡೆಯ ಮೂಳೆ ಮುರಿಯಿತು.

ಮೂರನೇ ದಿನ ಆಸ್ಪತ್ರೆಗೆ ಹೋಗಿ ಅವರ ಹಾಸಿಗೆ ಪಕ್ಕ ಕೂತೆ. ಅವರು ಆ ಚಾಲಕನನ್ನು ಬೈಯಲಿಲ್ಲ. ‘ಅವನಿಗೆ ಲೈಟು ಕಂಡಿತಂತಪ್ಪ. ನಾನು ಕಾಣಲಿಲ್ಲವಂತೆ’ ಅಂದರು. ಅಷ್ಟೇ. ಆ ಲೈಟನ್ನು ಆಯ್ಕೆ ಮಾಡಿದ್ದು ನಾನು ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು, ಏನೂ ಹೇಳಲಿಲ್ಲ.

ಅವತ್ತು ರಾತ್ರಿ ಇನ್ನೊಂದು ಜೀಪ್ ತೆಗೆದುಕೊಂಡು ಅದೇ ಜಾಗಕ್ಕೆ ಹೋದೆ. ಆ ಗಸ್ತಿನ ಗಾಡಿಯನ್ನು ಹಾಗೇ ನಿಲ್ಲಿಸಿ, ಪಕ್ಕದಲ್ಲಿ ಒಬ್ಬ ಹುಡುಗನನ್ನು ರಸ್ತೆಯ ಅಂಚಿನ ಹೊರಗೆ ನಿಲ್ಲಿಸಿ, ದೂರದಿಂದ ನಡೆದು ಬಂದೆ. ನೂರು ಹೆಜ್ಜೆಯಲ್ಲಿ ಕಾಣಲಿಲ್ಲ. ಐವತ್ತರಲ್ಲೂ ಇಲ್ಲ. ಇಪ್ಪತ್ತು ಹೆಜ್ಜೆಗೆ ಬಂದಾಗ ಅವನ ಕಾಲು ಕಂಡಿತು. ಆಮೇಲೆ ಅದೇ ಬಾರ್ ಮೇಲೆ ಗೋಣಿಚೀಲ ಹೊದಿಸಿ ಮತ್ತೆ ನಡೆದೆ. ದೀಪ ಮಿಣಮಿಣ ಅನ್ನುತ್ತಿತ್ತು. ಎಪ್ಪತ್ತು ಹೆಜ್ಜೆಯಲ್ಲೇ ಹುಡುಗ ಕಂಡ.

ಗಂಟೆಗೆ 80 ಕಿ.ಮೀ. ವೇಗದ ಲಾರಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ನೋಡಿ, ಅರ್ಥ ಮಾಡಿಕೊಂಡು, ಬ್ರೇಕ್ ತುಳಿದು ನಿಲ್ಲಿಸಲು ಹೆಚ್ಚುಕಡಿಮೆ 100 ಮೀಟರ್ ಬೇಕು. ಇಪ್ಪತ್ತು ಹೆಜ್ಜೆಯಲ್ಲಿ ಕಂಡರೆ ಏನು ಪ್ರಯೋಜನ? ಅವತ್ತಿನಿಂದ ನಿವೃತ್ತಿಯವರೆಗೆ ನನ್ನ ಕೈಯಿಂದ ಹೋದ ಒಂದು ಗಾಡಿಗೂ ಬೆಳಕು ಇಳಿಸುವ ಸ್ವಿಚ್ ಇಲ್ಲದೆ ಬಾರ್ ಕೂರಿಸಿಲ್ಲ. ಬಾರ್‌ನಲ್ಲೇ ಇಲ್ಲದಿದ್ದರೆ ಅರ್ಧ ದೀಪ ಆರುವ ಹಾಗೆ ನಾನೇ ವೈರ್ ಬೇರೆ ಮಾಡಿದ್ದೇನೆ.

ಈಗ ನೀವು ಮಾಡಬೇಕಾದದ್ದು. ದೂರದಲ್ಲಿ ಮಿಂಚು ಕಂಡ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಹತ್ತಿರ ಹೋದ ಮೇಲೆ ನೋಡೋಣ ಅನ್ನಬೇಡಿ. ದೀಪವನ್ನೇ ನೋಡಬೇಡಿ, ನೀವು ಹೋಗಬೇಕಾದ ದಾರಿಯನ್ನು ನೋಡುತ್ತಾ ಹೋಗಿ. ಕಣ್ಣು ಎತ್ತ ನೋಡುತ್ತದೋ ಕೈ ಅತ್ತಲೇ ಸ್ಟೀರಿಂಗ್ ಎಳೆಯುತ್ತದೆ. ಗಾಡಿಯ ಪಕ್ಕ ಆಳು ಇದ್ದೇ ಇರುತ್ತಾರೆ ಅಂತ ತಿಳಿದೇ ಹೋಗಿ. ಮುಂದಿನ ಗಾಜಿನ ಒಳಗಡೆ ಒರೆಸಿ, ಬೀಡಿ ಹೊಗೆಯ ಪದರ ಇದ್ದರೆ ಬೆಳಕು ಅದರ ಮೇಲೇ ಹರಡಿಕೊಳ್ಳುತ್ತದೆ. ಇನ್ನೊಂದು, ಹೇಳಿದರೆ ಬೈಯುತ್ತಾರೆ ಅಂತ ಸುಮ್ಮನಿರಬೇಡಿ. ಟೋಲ್ ಹತ್ತಿರ ನಿಂತಾಗ ಗಸ್ತಿನವರಿಗೆ ‘ಸಾರ್, ನೀವು ಕಾಣಲ್ಲ’ ಅಂತ ಹೇಳಿ. ‘ಲೈಟ್ ಚುಚ್ಚುತ್ತೆ’ ಅಂದರೆ ಅವರಿಗೆ ದೂರು ಅನಿಸುತ್ತದೆ. ‘ನೀವು ಕಾಣಲ್ಲ’ ಅಂದರೆ ತಮ್ಮ ಜೀವದ ಮಾತು ಅಂತ ಗೊತ್ತಾಗುತ್ತದೆ.

ನಮ್ಮ ಯಜಮಾನರು ಹೈವೇ ಗಸ್ತಿನಲ್ಲಿದ್ದಾರೆ. ವಾರದಲ್ಲಿ ನಾಲ್ಕು ರಾತ್ರಿ ರಸ್ತೆ ಮೇಲೆ ನಿಲ್ಲುತ್ತಾರೆ. ಗಾಡಿಯ ದೀಪ ನಾವು ಬದಲಿಸಲು ಆಗುವುದಿಲ್ಲ. ನಮ್ಮ ಕೈಯಲ್ಲಿ ಆಗುವುದು ಏನಾದರೂ ಇದೆಯಾ?
— ಓದುಗರು, ತುಮಕೂರು

ಇದೆ ತಾಯಿ. ಗಾಡಿಯ ಹಿಂದೆ ನಿಲ್ಲಬೇಡಿ, ಗಾಡಿಗೂ ಬರುವ ವಾಹನಕ್ಕೂ ನಡುವೆ ಅಂತೂ ಬೇಡ, ದೀಪದಿಂದ ಆದಷ್ಟು ದೂರ, ರಸ್ತೆಯ ಅಂಚಿನ ಹೊರಗೆ ನಿಲ್ಲಿ ಅಂತ ಹೇಳಿ. ಕೈಯಲ್ಲಿ ಹಿಡಿಯುವ ಕೆಂಪು ದಂಡದ ಲೈಟ್ ಇದ್ದರೆ ಅದನ್ನು ಮಂಡಿಯ ಮಟ್ಟದಲ್ಲಿ ನಿಧಾನ ಬೀಸಲಿ. ಮೇಲಿನ ಬಾರ್‌ನ ಎತ್ತರದಲ್ಲಿ ಬೀಸಿದರೆ ಅದರಲ್ಲೇ ಸೇರಿಹೋಗುತ್ತದೆ. ಪ್ಯಾಂಟಿನ ಮೊಣಕಾಲ ಕೆಳಗೆ ಬೆಳ್ಳಿ ಬಣ್ಣದ ಪಟ್ಟಿ ಕಟ್ಟಿಕೊಳ್ಳಲಿ. ಲಾರಿಯ ಹೆಡ್‌ಲೈಟ್ ಮೊದಲು ಬೀಳುವುದು ಕಾಲಿಗೆ, ನಡೆಯುವ ಕಾಲು ಕಂಡರೆ ಮನುಷ್ಯ ಅಂತ ತಟ್ಟನೆ ಗೊತ್ತಾಗುತ್ತದೆ.

ಅವರು ರಸ್ತೆಯಲ್ಲಿ ಹಾಕಿಕೊಳ್ಳುವ ಹಸಿರು ಜಾಕೆಟ್ಟಿನ ಕಾಳಜಿ ನಿಮ್ಮ ಕೈಯಲ್ಲೇ ಇದೆ. ಅದರ ಬೆಳ್ಳಿ ಪಟ್ಟಿಯಲ್ಲಿ ಹೊಳೆಯುವುದು ಕಣ್ಣಿಗೆ ಕಾಣದಷ್ಟು ಪುಟ್ಟ ಗಾಜಿನ ಮಣಿಗಳು. ಬಟ್ಟೆ ಕಲ್ಲಿಗೆ ಬಡಿದರೆ, ಬ್ರಷ್ ಹಾಕಿ ತಿಕ್ಕಿದರೆ, ಬ್ಲೀಚ್ ಹಾಕಿದರೆ ಆ ಮಣಿಗಳು ಉದುರಿಹೋಗುತ್ತವೆ. ಹಗಲಿನಲ್ಲಿ ಜಾಕೆಟ್ ಚೆನ್ನಾಗಿಯೇ ಕಾಣುತ್ತದೆ, ರಾತ್ರಿ ಹೊಳೆಯುವುದಿಲ್ಲ. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ನೆನೆಸಿ, ಕೈಯಲ್ಲಿ ಮೆಲ್ಲಗೆ ಅದ್ದಿ ತೆಗೆದು, ಹಿಂಡದೆ ನೆರಳಿನಲ್ಲಿ ಒಣಗಿಸಿ. ತಿಂಗಳಿಗೊಮ್ಮೆ ರಾತ್ರಿ ಜಾಕೆಟ್ಟನ್ನು ಬಾಗಿಲಿಗೆ ನೇತುಹಾಕಿ, ಲೈಟ್ ಆರಿಸಿ, ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕಕ್ಕೆ ಹಿಡಿದು ಮನೆಯ ಆ ಕೊನೆಯಿಂದ ಬಿಟ್ಟು ನೋಡಿ. ಪಟ್ಟಿ ಬೆಳ್ಳಗೆ ಉರಿಯಬೇಕು. ಬೂದು ಬಣ್ಣ ಕಂಡರೆ ಅವತ್ತೇ ಹೊಸದು ಕೇಳಿಸಿ. ಸ್ಟೋರ್‌ನಿಂದ ಬರುವುದು ತಡವಾದರೆ ನೀವೇ ಒಂದು ಕೊಂಡುಕೊಡಿ.